ಎರಡನೆಯ ಕೀಲಿ

ಮುಲುಂಡಿನ ಸಹಕಾರಿ ಬ್ಯಾಂಕಿನ ನೆಲಮಾಳಿಗೆಯಲ್ಲಿ
ಹತ್ತೊಂಬತ್ತು ವರ್ಷದಿಂದ ನಾನು ಲಾಕರ್‌ವಾಲಿ ಬಾಯಿ.
ಬಾಯಿಯೇನೋ ಹೌದು, ಮಾತಾಡುವಂತಿಲ್ಲ:
ಯಾರ ಪೆಟ್ಟಿಗೆ ತುಂಬಿತು, ಯಾರದು ಹಗುರಾಯಿತು.
ವಾರಿಜಾಕ್ಷಿ ಎಂಬ ಹೆಸರು ಪಗಾರದ ಚೀಟಿಯಲ್ಲಿದೆ.

ಬಂಗಾರವೂ ನಾನೂ ಬಿಸಿಲು ಕಾಣದವರು.
ಅದಕ್ಕಾದರೂ ಮದುವೆಗೊಮ್ಮೆ ಬಿಡುಗಡೆ.
ನನಗೆ ಸ್ಟೇಷನ್ನಿನಿಂದ ಬ್ಯಾಂಕಿನವರೆಗಿನ ಆರು ನಿಮಿಷ,
ಅಷ್ಟಕ್ಕೂ ಕೊಡೆ.
ಕಪ್ಪಾಗುತ್ತೀ ಎಂದು ಅಮ್ಮ ಹೆದರಿಸಿದ್ದು
ಐವತ್ತೊಂದಾದರೂ ಕೈ ಬಿಟ್ಟಿಲ್ಲ.

ಮೊದಲು ತೊಡೆ ಭಾರವಾಯಿತು, ನೆನೆದ ಗೋಣಿಯ ಹಾಗೆ.
ಕೆಳಸಾಲಿನ ಇನ್ನೂರ ಹದಿನಾಲ್ಕಕ್ಕೆ ಕುಕ್ಕರುಗಾಲಲ್ಲಿ ಕೂತರೆ
ಏಳಲು ಗಿರಾಕಿಯೇ ಕೈ ಕೊಡಬೇಕು.
ಆಮೇಲೆ ಠಾಣೆಯ ಹತ್ತಿರ, ಲೇಡೀಸ್ ಡಬ್ಬಿಯಲ್ಲಿ,
ಸುಮ್ಮನೆ ಬಿದ್ದೆ.
ಮುಂಬಯಿಯ ಲೋಕಲ್ಲಿನಲ್ಲಿ ಯಾರೂ ನೂಕದೆ ಬಿದ್ದವಳು
ನಾನೊಬ್ಬಳೇ ಇರಬೇಕು.

ಕೈ ಊರದೆ ಕುರ್ಚಿಯಿಂದ ಏಳಿ ಎಂದರು ಡಾಕ್ಟರ್ ಕರ್ಪೆ.
ಕುರ್ಚಿ ಬಿಡಲಿಲ್ಲ.
ಒಂಟಿಕಾಲಲ್ಲಿ ನಿಲ್ಲಿ ಎಂದರು. ತಪಸ್ಸಿಗೆ ನಿಂತಂತೆ ನಿಂತೆ;
ಎರಡು ಎಣಿಸುವಷ್ಟರಲ್ಲಿ ವರ ಬಂತು, ಗೋಡೆ.
ರಕ್ತದ ರಿಪೋರ್ಟಿನಲ್ಲಿ ವಿಟಮಿನ್ ಡಿ: ಏಳು.
ಇಷ್ಟು ಸುಡುವ ಊರಿನಲ್ಲಿ ಬಿಸಿಲಿಗೂ ಬಡತನವೇ
ಎಂದು ನಕ್ಕರೆ ಅವರು ನಗಲಿಲ್ಲ.
ಹಾಲು ಕುಡಿದೇನು, ರಾಗಿ ತಿಂದೇನು,
ಸುಣ್ಣ ಬಾಗಿಲವರೆಗೆ ಬಂದು ವಾಪಸು ಹೋಗುತ್ತದೆ, ಬಾಯಿ.

ಇದನ್ನು ನನಗೆ ಬಿಡಿಸಿ ಹೇಳಬೇಕೆ?
ಗಿರಾಕಿಯ ಕೀಲಿಯೊಂದಕ್ಕೇ ಯಾವ ಲಾಕರೂ ತೆರೆಯದು.
ನನ್ನದು ಮೊದಲು ತಿರುಗಬೇಕು.

ವಾರಕ್ಕೊಂದು ಪುಡಿಯ ಪೊಟ್ಟಣ, ಹಾಲಿನಲ್ಲಿ ಕದಡಿ.
ಜೊತೆಗೆ ಬಿಸಿಲು.
ಅಂಬರನಾಥದ ನಮ್ಮ ಬಿಲ್ಡಿಂಗಿನಲ್ಲಿ ಅದು ಇರುವುದು ಟೆರೇಸಿನಲ್ಲಿ,
ಟೆರೇಸಿನ ಕೀಲಿ ಸೆಕ್ರೆಟರಿ ಘೈಸಾಸರ ಸೊಂಟದಲ್ಲಿ.
"ಹಪ್ಪಳ ಒಣಗಿಸಲಿಕ್ಕಾ?"
"ಅಲ್ಲ, ನನ್ನನ್ನೇ."
ನೋಡಿದರು. ರಿಜಿಸ್ಟರ್ ತೆಗೆದು ಸಹಿ ಹಾಕಿಸಿಕೊಂಡರು,
ಹೋದ ವೇಳೆ, ಬಂದ ವೇಳೆ.
ಅಕ್ಷರ ಸೊಟ್ಟಗಾಯಿತು.
ಹತ್ತೊಂಬತ್ತು ವರ್ಷ ಸಹಿ ಹಾಕಿಸಿಕೊಂಡವಳ ಕೈ.

ಹನ್ನೊಂದರವರೆಗೆ ಮೂಡಣದ ಹೊಸ ಟವರಿನ ನೆರಳು.
ಆಮೇಲೆ ಒಮ್ಮೆಗೇ, ಮುಚ್ಚಳ ತೆಗೆದ ಹಾಗೆ.
ನೀರಿನ ಟ್ಯಾಂಕಿಗೆ ಒಂದು ಬೆರಳು ತಾಗಿಸಿ
ತೋಳು ಮಡಚಿ, ಕೊಡೆ ಮಡಚಿ,
ಒಂದು ಕಾಲೆತ್ತುತ್ತೇನೆ.
ಆಂಟೆನಾದ ಮೇಲಿನ ಕಾಗೆ ಇದೇ ಕೆಲಸವನ್ನು
ನಿದ್ದೆಯಲ್ಲಿ ಮಾಡುತ್ತಿರುತ್ತದೆ.
ಮೂರು. ಮೂರು. ನಾಲ್ಕು.
ಒಂದು ಭಾನುವಾರ ಮೋಡ, ಪೊಟ್ಟಣವೂ ಮರೆತೆ.
ಮತ್ತೆ ಮೂರು.
ಒಂಬತ್ತನೆಯ ವಾರ, ಹನ್ನೊಂದು.

ನಿನ್ನೆ ಇನ್ನೂರ ಹದಿನಾಲ್ಕರಾಕೆ ಬಂದಿದ್ದಳು,
ಮಗಳ ಸೀಮಂತಕ್ಕೆ ಬಳೆ ಬೇಕಿತ್ತು.
ಕೂತೆ. ಮೊದಲು ನನ್ನ ಕೀಲಿ, ಆಮೇಲೆ ಅವಳದು.
ಎಂದಿನಂತೆ ಕೈ ಚಾಚಿದಳು.
ಎಂದಿನಂತೆ ಹಿಡಿದುಕೊಂಡೆ.
ಭಾರ ಹಾಕಲಿಲ್ಲ.