ನಾಲ್ಕು ಇಪ್ಪತ್ತೊಂಬತ್ತು

ಅವರ ಗಡಿಯಾರದಲ್ಲಿ ನಡುರಾತ್ರಿಗೆ ಒಂದು ನಿಮಿಷ ಬಾಕಿ ಇರುವಾಗ
ಮಲ್ಪೆಯಲ್ಲಿ ನಾಲ್ಕು ಗಂಟೆ ಇಪ್ಪತ್ತೊಂಬತ್ತು.
ಅಷ್ಟರೊಳಗೆ ನಾನು ಯಾರೆಂದು ಅವರಿಗೆ ತಿಳಿಯಬೇಕು.

ಐಸ್ ಪ್ಲಾಂಟಿನ ಆಫೀಸು. ಜನವರಿ.
ಗೋಡೆಯಾಚೆ ಕಂಪ್ರೆಸರ್ ತನ್ನ ಹಳೆಯ ಗೊರಕೆಯಲ್ಲಿದೆ.
ಹೆಸರು: ಪ್ರಫುಲ್ಲಾ ಮೆಂಡನ್.
ಪಾಸ್‌ಪೋರ್ಟಿನಲ್ಲಿ ಎರಡು ಎಲ್, ಮಾರ್ಕ್ಸ್ ಕಾರ್ಡಿನಲ್ಲಿ ಒಂದೇ.
ಇಬ್ಬರೂ ನಾನೇ ಎಂದು ಉಡುಪಿಯ ನೋಟರಿ
ಇನ್ನೂರು ರೂಪಾಯಿಗೆ ಸೀಲು ಒತ್ತಿದ್ದಾರೆ.

ಮೊದಲ ಪ್ರಶ್ನೆ: ಎಂಬಿಎ ಏಕೆ? ಐನೂರು ಪದ ಮೀರಬಾರದು.
ಅಮ್ಮ ಇದನ್ನೇ ಒಂದು ಪದದಲ್ಲಿ ಕೇಳಿದ್ದಳು,
ಬಂಗುಡೆಯ ಕಿವಿರು ಕೀಳುತ್ತಾ, ತಲೆ ಎತ್ತದೆ: "ದಾಯೆಗ್?"
ನಾನು ಏನೋ ಗೊಣಗಿದೆ.
ಎರಡು ದಿನ ಬಿಟ್ಟು ಸೊಸೈಟಿಗೆ ಹೋಗಿ
ಬಳೆ ತೂಗಿಸಿಕೊಂಡು ಬಂದಳು.
ಕೊಡಲಿಕ್ಕಲ್ಲ. ಸುಮ್ಮನೆ, ಎಷ್ಟಿದೆ ಎಂದು.

ಬಲ್ಮಠದ ಕನ್ಸಲ್ಟೆನ್ಸಿಯ ಹುಡುಗ ಪಟ್ಟಿ ತೆರೆದ:
ರ‍್ಯಾಂಕು, ಸರಾಸರಿ ಸಂಬಳ, ವೀಸಾ ಸಲೀಸೋ ಅಲ್ಲವೋ.
ನಾನು ನಕ್ಷೆಯನ್ನು ದೊಡ್ಡದು ಮಾಡಿ ನೀರು ಹುಡುಕಿದೆ.
ರೋಟರ್‌ಡ್ಯಾಮ್.
ಆ ದೇಶದಲ್ಲಿ ಮೀನಿನ ಹರಾಜು ಮೇಲಿನಿಂದ ಕೆಳಗಿಳಿಯುತ್ತದಂತೆ.
ಗಡಿಯಾರದ ಮುಳ್ಳು ಬೆಲೆ ಇಳಿಸುತ್ತಾ ಬರುತ್ತದೆ,
ಎಲ್ಲರೂ ಬಾಯಿ ಮುಚ್ಚಿ ನಿಂತಿರುತ್ತಾರೆ,
ಸುಮ್ಮನಿರಲಾರದವನು ಗುಂಡಿ ಒತ್ತಿ ಕೊಂಡುಹೋಗುತ್ತಾನೆ.
ನಮ್ಮಲ್ಲಿ, ಗಂಟಲು ದೊಡ್ಡದಿದ್ದವನದ್ದು ಬೂತಾಯಿ.
ನೋಡಬೇಕು ಅದನ್ನು, ಎಂದೆ.
"ಅದು ಕಾರಣ ಅಲ್ಲ ಮೇಡಂ," ಎಂದ.

ಶಿಫಾರಸು ಪತ್ರಕ್ಕೆ ಧಣಿ ಶೀನ ಕುಂದರ್ರ ಎದುರು ಕೂತೆ.
ಫಾರ್ಮು ಕೇಳುತ್ತದೆ: ಈಕೆ
ನೂರರಲ್ಲಿ ಮೊದಲ ಇಬ್ಬರೊಳಗೋ, ಐವರೊಳಗೋ, ಹತ್ತರೊಳಗೋ?
"ನನ್ನ ಹತ್ತಿರ ಇರುವುದೇ ಆರು ಜನ," ಎಂದರು,
"ಆರರಲ್ಲಿ ಒಬ್ಬಳು ಅಂತ ಹಾಕು."
ಹಾಗೆ ಹಾಕಲಿಕ್ಕೆ ಜಾಗ ಇರಲಿಲ್ಲ.
ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು.
"ಹಾಗಾದರೆ ಬರಿ: ಕರಗಿದ ಐಸನ್ನು
ಕರಗಿದ್ದು ಅಂತಲೇ ಲೆಕ್ಕದಲ್ಲಿ ಬರೆಯುತ್ತಾಳೆ."

ಕೊನೆಯದು: ನಿಮ್ಮ ಒಂದು ಸೋಲು.
ಹುಡುಗ ಎಚ್ಚರಿಸಿದ್ದ, ಸೋಲು ಕೊನೆಗೆ
ಸ್ವಲ್ಪವಾದರೂ ಗೆದ್ದಿರಬೇಕು.
ನಾನು ಬರೆದದ್ದು:

ಹೋದ ವರ್ಷ ಅಕ್ಟೋಬರಿನಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಿತು.
ಹನ್ನೊಂದು ಸಾವಿರ ಉಳಿಸಲಿಕ್ಕೆಂದು ನಾನೇ ಡೀಸೆಲ್ ತರಿಸಿರಲಿಲ್ಲ.
ಎರಡು ಹಗಲು, ಒಂದು ರಾತ್ರಿ.
ಕ್ಯಾನುಗಳ ಒಳಗೆ ನೀರು ಅಲುಗುವ ಸದ್ದು.
ಹನ್ನೆರಡು ಬೋಟಿನ ಬೂತಾಯಿ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಯಿತು,
ಕಿಲೋಗೆ ಹದಿನೆಂಟರಂತೆ.
ಬುಟ್ಟಿ ಹೊರುವ ಕಲ್ಯಾಣಿಯಕ್ಕ ಒಂದು ತಿಂಗಳು
ನನ್ನ ಮುಖ ನೋಡಿ ಮಾತಾಡಲಿಲ್ಲ.
ಈಗ ಪ್ರತಿ ಸಂಜೆ ಡೀಸೆಲ್ ಟ್ಯಾಂಕಿಗೆ ಕೋಲು ಇಳಿಸಿ ನೋಡುತ್ತೇನೆ.
ಅಷ್ಟೇ.

ಇನ್ನೂ ಎಷ್ಟೋ ಪದಗಳಿಗೆ ಜಾಗ ಉಳಿದಿತ್ತು.
ಗೆದ್ದದ್ದು ಏನಾದರೂ ಸಿಗುತ್ತದೋ ಎಂದು
ಕರ್ಸರ್ ಅಲ್ಲೇ ಮಿಣುಕಿತು. ಬಿಟ್ಟೆ.

ನಾಲ್ಕು ಇಪ್ಪತ್ತಾರು.
ಅರ್ಜಿಯ ಶುಲ್ಕ ಕಾರ್ಡಿನಿಂದ ಹೋಯಿತು,
ನನ್ನ ಒಂಬತ್ತು ದಿನದ ಸಂಬಳ.
ಹೊರಗೆ ಮೊದಲ ಬೋಟಿನ ದೀಪ ಧಕ್ಕೆಯ ಹತ್ತಿರ ತೂಗಾಡುತ್ತಿದೆ.
ಯಾರೂ ಇನ್ನೂ ಕೂಗುತ್ತಿಲ್ಲ.
ಪರದೆಯ ಮೂಲೆಯಲ್ಲಿ ಉಳಿದ ನಿಮಿಷ ಇಳಿಯುತ್ತಾ ಬಂತು,
ಮೂರು,
ಎರಡು.
ಸುಮ್ಮನಿರಲಾಗಲಿಲ್ಲ.

ಪರದೆ ಧನ್ಯವಾದ ಹೇಳಿದ್ದನ್ನು ಪೂರ್ತಿ ಓದುವ ಮೊದಲೇ
ಕ್ರಷರ್ ಶುರುವಾಯಿತು, ಆಫೀಸಿನ ಗಾಜು ನಡುಗಿತು,
ಕಿಟಕಿಗೆ ಒಂದು ಒದ್ದೆ ಕೈ ಬಡಿಯಿತು:
ನಲವತ್ತು ಬ್ಲಾಕು, ಬೇಗ.

ಪುಸ್ತಕ ಎಳೆದುಕೊಂಡು ಬರೆದೆ. ನಲವತ್ತು.