ಲೂಸು

ಟೇಪು ಹಿಡಿಯಲು ಕಲಿತ ವಾರವೇ
ಬಾಯಿಗೆ ಬಂದ ಇಂಗ್ಲಿಷು ಇದು.
ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ತೋಳು,
ಪಕ್ಕದಲ್ಲಿ ಸಣ್ಣಗೆ: ಲೂಸು ಎರಡು.
ಅಂದರೆ ಉಸಿರಾಡಲಿಕ್ಕೆ ಎರಡು ಇಂಚು.

ಆದರೆ ದುರ್ಗಿಗುಡಿಯ ಈ ಓಣಿಯಲ್ಲಿ
ಮಾತು ಎರಡು ಇಂಚಿಗೆ ನಿಲ್ಲುವುದಿಲ್ಲ.
ಶೆಟ್ಟರ ಅಂಗಡಿಯ ಲೂಸು ಚಾಪುಡಿ
ಪ್ಯಾಕೆಟ್ಟಿಗಿಂತ ನಾಲ್ಕು ರೂಪಾಯಿ ಕಡಿಮೆ.
ಮಗುವಿಗೆ ರಾತ್ರಿಯಿಂದ ಲೂಸು ಅಂತ ಹಸೀನಾ
ಬ್ಲೌಸು ಇಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿದಳು.
ಸೈಕಲ್ ಶಾಪಿನ ಅಂತೋಣಿ
ನನ್ನ ಮೆಷಿನ್ನಿನ ಚಕ್ರ ಅಲುಗಿಸಿ ನೋಡಿ
'ನಟ್ಟು ಲೂಸಾಗಿದೆ ಮಾರಾಯ್ತಿ, ಅದಕ್ಕೇ ಈ ಗಲಾಟೆ' ಅಂದ.
ಆಮೇಲೆ ನನ್ನ ತಮ್ಮ.

ಅವನ ಹೆಸರು ಚೌಡಪ್ಪ.
ಶಾಲೆ ಬಿಟ್ಟ ಹುಡುಗರಿಗೆ ಅದು ಬೇಕಿಲ್ಲ,
'ಲೂಸು ಬಂತು, ಏಯ್ ಲೂಸು' ಅನ್ನುತ್ತಾರೆ,
ಇವನು ತಿರುಗಿ ನಗುತ್ತಾನೆ, ಕರೆದರಲ್ಲ ಅಂತ.
ನನಗೆ ತಡೆಯಲಾಗದ್ದು
ಆ ಕೂಗಲ್ಲ, ಈ ತಿರುಗಿ ನೋಡುವುದು.

ಒಂದು ದಿನ ವಿಮಲಾಬಾಯಿ ಟೀಚರನ್ನು ಕೇಳಿಯೇಬಿಟ್ಟೆ,
'ಮೇಡಂ, ಅದರ ಸರಿಯಾದ ಅರ್ಥ ಎಂತದು?'
'ಸಡಿಲ. ಬಿಗಿ ಇಲ್ಲದ್ದು.
ಹಗ್ಗ ಕಳಚಿಕೊಂಡ ದನಕ್ಕೂ ಹೇಳಬಹುದು.'
'ಮನುಷ್ಯರಿಗೆ?'
'ಇಂಗ್ಲಿಷಿನವರು ಹೇಳಿದರೆ ಬೇರೆಯೇ ಆಗುತ್ತದೆ, ಅದು ಬೇಡ ಬಿಡು.'
ಕನ್ನಡಕ ಒರೆಸಿಕೊಂಡು, ಸೀರೆಯ ಫಾಲ್ಸು ಎಳೆದೆಳೆದು ನೋಡಿ,
'ನೀನು ಕೇಳುವ ಅರ್ಥ
ನಾವು ಇಲ್ಲೇ ಹೊಲಿದುಕೊಂಡದ್ದು' ಅಂದರು.
ಫಾಲ್ಸಿನ ದುಡ್ಡು ಇನ್ನೂ ಕೊಟ್ಟಿಲ್ಲ.

ಚೌಡಪ್ಪನದು ಗುಂಡಿ ಕೆಲಸ.
ನಾಲ್ಕು ಸುತ್ತು ಸಾಕು ಅಂದರೂ ಎಂಟು ಸುತ್ತು,
ಗಂಟು, ಮೇಲೊಂದು ಗಂಟು,
ಕೊನೆಗೆ ಹಲ್ಲಲ್ಲಿ ಕಚ್ಚಿ ಜಗ್ಗುತ್ತಾನೆ.
ಹದಿನಾರು ವರ್ಷದಲ್ಲಿ
ಗುಂಡಿ ಬಿತ್ತು ಅಂತ ಒಬ್ಬರೂ ವಾಪಸು ಬಂದವರಿಲ್ಲ.

ಮೇ ತಿಂಗಳ ಕೊನೆಗೆ ಯೂನಿಫಾರ್ಮಿನ ರಾಶಿ.
ಎಲ್ಲರಿಗಿಂತ ಜೋರಾಗಿ ಕೂಗುವ ಆ ತನುಷ್,
ಅವನ ತಾಯಿ ಬಂದು
'ಬೆಳೆಯುವ ಹುಡುಗ, ಸ್ವಲ್ಪ ಲೂಸಾಗೇ ಇರಲಿ ಅಕ್ಕಾ' ಅಂದಳು.
ಲೂಸು ಮೂರು ಅಂತ ಬರೆದುಕೊಂಡೆ.
ಒಳಗಡೆ, ಹೊಲಿಗೆಯ ಆಚೆ, ಇನ್ನೊಂದು ಇಂಚು
ಮಡಚಿ ಬಿಟ್ಟೆ, ಯಾರಿಗೂ ಕಾಣದ ಹಾಗೆ.
ಬೆಳೆಯಲಿ.

ಜೂನಿನ ಎರಡನೇ ಸೋಮವಾರ ಸಂಜೆ
ಓಣಿಯ ತುದಿಯಿಂದ ಅದೇ ಕೂಗು.
ಇವನು ತಿರುಗಿದ, ನಕ್ಕ.
ತುಂಗೆಯ ಕಡೆಯ ಗಾಳಿಗೆ
ಹುಡುಗನ ಹೊಸ ಅಂಗಿ ಪಟಪಟ ಹೊಡೆದುಕೊಳ್ಳುತ್ತಿತ್ತು,
ಕುತ್ತಿಗೆಯಿಂದ ಕೆಳಗಿನವರೆಗೆ ಆರು ಗುಂಡಿ,
ಒಂದೂ ಅಲುಗಲಿಲ್ಲ.