ಅಂಬಿಗನ ಬಾಕಿ

ಮೆಹಜಬೀನ್ ತಂದ ಫೈಲು ತೆಳ್ಳಗಿತ್ತು.
ಸವಳಂಗ ರಸ್ತೆಯ ನನ್ನ ಆಫೀಸಿನಲ್ಲಿ
ರೈಸ್ ಮಿಲ್ಲಿನವರ, ಟಿಂಬರ್ ಡಿಪೋದವರ ದಪ್ಪ ಕಟ್ಟುಗಳ ನಡುವೆ
ಕರೆಯದ ಊಟಕ್ಕೆ ಬಂದವರ ಹಾಗೆ
ಮೇಜಿನ ಅಂಚಿಗೆ ಕೂತಿತು.

‘ಹತ್ತು ಘಟ್ಟ’ ಆಟವನ್ನು ಮತ್ತೆ ಮಾಡಬೇಕು,
ಬ್ಯಾಂಕಿಗೆ ರಿಪೋರ್ಟು ಬೇಕು, ಎಂದಳು.
ನಲವತ್ತೆರಡು ಲಕ್ಷ.

ನಾನು ಕನ್ನಡಕ ಒರೆಸಿದೆ.
ಅವಳಿಗೆ ಗೊತ್ತಿರಲಿಲ್ಲ,
ದುರ್ಗಿಗುಡಿಯ ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ
ಅವಳೂ ಗುತ್ಯಪ್ಪನೂ ಲೋಬೊ ಮೇಷ್ಟ್ರ ಮಗನೂ
ಕಟ್ಟಿದ ಆ ಲೋಕದಲ್ಲಿ
ಒಂದು ಬೇಸಿಗೆ ಪೂರ್ತಿ ನಾನು ನಾಟಿವೈದ್ಯೆಯಾಗಿದ್ದೆ.
ಗಂಟೆಗೆ ಇಪ್ಪತ್ತು ರೂಪಾಯಿ,
ಸೈಬರಿನ ಪರದೆ ಹಾಕಿದ ಮೂಲೆ,
ಬಿಕಾಂ ಮೊದಲ ವರ್ಷ;
ಬೆನ್ನಿಗೆ ಬೇರುಗಳ ಚೀಲ, ಸೊಂಟಕ್ಕೆ ಕುಡುಗೋಲು,
ಹದಿನಾಲ್ಕನೇ ಹಂತ.
ಒಂಬತ್ತನೇ ಘಟ್ಟ ಇಳಿದರೆ ಹೊಳೆ. ಹೊಳೆಗೊಬ್ಬ ಅಂಬಿಗ.

ಅವನು ಹಣ ಮುಟ್ಟುತ್ತಿರಲಿಲ್ಲ. ಉಪ್ಪು ಕೇಳುತ್ತಿದ್ದ.
ಒಂದು ಸೇರು ಕೊಟ್ಟರೆ ದಾಟಿಸುವನು,
ಆಚೆ ದಡದಲ್ಲಿ ಮತ್ತೆ ಮಾತಾಡಿಸಿದರೆ
ಕೊಟ್ಟದ್ದೆಲ್ಲ ಮರೆತು
“ನನ್ನ ಬಾಕಿ?” ಎನ್ನುವನು.
ಅದು ತಪ್ಪೋ, ಬೇಕೆಂದೇ ಬರೆದದ್ದೋ,
ಯಾರಿಗೂ ಬಗೆಹರಿಯಲಿಲ್ಲ. ಗೋಪಿ ಸರ್ಕಲ್ಲಿನಲ್ಲಿ
ಮಂಡಕ್ಕಿ ಪೊಟ್ಟಣ ಹಿಡಿದ ಹುಡುಗರು
ಕೈ ಚಾಚಿ ಒಬ್ಬರನ್ನೊಬ್ಬರು ಕೇಳುತ್ತಿದ್ದರು:
ನನ್ನ ಬಾಕಿ?

ಸರಿ. ಲೆಕ್ಕ.
ಆಗ ಮಾರಿದ್ದು ಆರುನೂರ ಹನ್ನೆರಡು ಸಿಡಿ.
ಒಂದೊಂದಕ್ಕೆ ಎಷ್ಟು ನಕಲು ಹುಟ್ಟಿತೋ
(ನಾನು ಆಡಿದ್ದೂ ನಕಲೇ, ಅವಳಿಗೆ ಹೇಳಲಿಲ್ಲ)
ಹತ್ತು ಸಾವಿರ ಮಂದಿ ಆಡಿದರು ಅನ್ನೋಣ.
ಅವರಿಗೀಗ ನಲವತ್ತು. ಕೊಳ್ಳಲು ದುಡ್ಡಿದೆ,
ಆಡಲು ಹೊತ್ತಿಲ್ಲ. ಹೊತ್ತಿರುವ ಮಕ್ಕಳಿಗೆ
ಘಟ್ಟವೆಂದರೆ ಬಸ್ಸಿನಲ್ಲಿ ವಾಂತಿ ಬರುವ ದಾರಿ.
ಹಳೇ ಚಿತ್ರ ಹಾಗೇ ಬಿಟ್ಟರೆ ಹೊಸಬರು ನಗುತ್ತಾರೆ,
ತಿದ್ದಿದರೆ ಹಳಬರು ಮುನಿಯುತ್ತಾರೆ;
ಇಬ್ಬರೂ ಪುಕ್ಕಟೆ.

“ತಿದ್ದಲೇಬೇಡಿ” ಎಂದೆ. “ಹಳೆಯದನ್ನೇ
ಹೊಸ ಕಂಪ್ಯೂಟರಿನಲ್ಲಿ ಓಡುವಂತೆ ಮಾಡಿ.
ಎರಡು ಲಕ್ಷ ಸಾಕು. ತೊಂಬತ್ತೊಂಬತ್ತು ರೂಪಾಯಿಗೆ ಮಾರಿ.
ಬ್ಯಾಂಕಿನ ಹೊಸ್ತಿಲು ತುಳಿಯಬೇಡಿ.”
ಒಳ್ಳೆಯ ಸಲಹೆ. ನನಗೇ ಮೆಚ್ಚುಗೆಯಾಯಿತು.

ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ,
ಹೇಳಿದಳು: ಹೊಳೆ ಇಲ್ಲ.

ಘಟ್ಟಗಳಿವೆ. ಊರುಗಳಿವೆ. ಹೊಳೆ ಬರೆದವನು ಗುತ್ಯಪ್ಪ,
ಅವನ ಹಾರ್ಡ್‌ಡಿಸ್ಕು ಭದ್ರಾವತಿಯ ಗುಜರಿಯಲ್ಲಿ
ಕಬ್ಬಿಣದ ತೂಕಕ್ಕೆ ಹೋಗಿ ಹನ್ನೊಂದು ವರ್ಷ.
ಈಗವನು ವೇಬ್ರಿಡ್ಜಿನಲ್ಲಿ ಲಾರಿ ತೂಗುತ್ತಾನೆ.
ಕೇಳಿದರೆ, “ನೀರು ಹೇಗೆ ಹರಿಸಿದ್ದೆನೋ ನೆನಪಿಲ್ಲ ಮಾರಾಯ್ತಿ,
ಅಂಬಿಗನ ಮಾತೊಂದು ನೆನಪಿದೆ” ಎಂದನಂತೆ.

“ಅದು ತಪ್ಪಾ, ಬೇಕಂತಲೇ ಬರೆದದ್ದಾ?”
ನನ್ನ ಬಾಯಿಂದ ಜಾರಿತು.
ಮೆಹಜಬೀನ್ ತಲೆ ಎತ್ತಿದಳು.
ಆವರೆಗೂ ಅವಳು ನೋಡಿದ್ದು ಆಡಿಟರನ್ನು.
“ನೀವು ಎಷ್ಟನೇ ಹಂತ?” ಎಂದಳು.

ಅವಳು ಹೋದಮೇಲೆ ಬರೆದೆ:
ಮೂರನೇ ವರ್ಷವೂ ನಷ್ಟ. ಸಾಲ ತೀರುವ ಲಕ್ಷಣವಿಲ್ಲ.
ಬ್ಯಾಂಕು ಒಪ್ಪಲಾರದು. ಒಪ್ಪಲೂಬಾರದು.
ಸಹಿ. ಸೀಲು.

ಆಮೇಲೆ ಬೇರೊಂದು ಹಾಳೆಯಲ್ಲಿ, ಸೀಲಿಲ್ಲದೆ:
ಎಡಕ್ಕೆ ಮೂರು ಬಂಡೆ. ನಡುವಿನದರ ಮೇಲೆ ಮಿಂಚುಳ್ಳಿ.
ನೀರು ಎಡದಿಂದ ಬಲಕ್ಕೆ, ಎಂಟು ಚೌಕಕ್ಕೊಮ್ಮೆ ತಡವರಿಸಿ.
ದೋಣಿಗೆ ಕಾಲಿಟ್ಟರೆ ಸಂಗೀತ ನಿಲ್ಲುತ್ತಿತ್ತು.
ಇಷ್ಟೇ ಇದ್ದದ್ದು ನನ್ನ ಹತ್ತಿರ.

ರೈಸ್ ಮಿಲ್ಲಿನ ಕಟ್ಟು ಬಿಚ್ಚುವಾಗ ಹೊಳೆಯಿತು,
ಆ ಮಿಲ್ಲಿನ ರುದ್ರೇಶ, ಪರದೆಯಾಚೆ ಕೂರುತ್ತಿದ್ದವನು,
ಹತ್ತನೇ ಘಟ್ಟ ಮುಟ್ಟಿದ್ದ.
ಫೋನ್ ಮಾಡಿದೆ. ರಾತ್ರಿ ಒಂಬತ್ತೂವರೆ.
“ನೋಟಿಸ್ ಬಂತಾ ಮೇಡಂ?” ದನಿ ನಡುಗುತ್ತಿತ್ತು.
ಅಲ್ಲ ಎಂದೆ.
ಹೊಳೆ ಯಾವ ಬಣ್ಣ ಇತ್ತು?